ಚಿಮಣಿಯ ಪಕ್ಕದ ಗೋಡೆ

ರಾಕ್‌ವಿಲ್, ಮೇರಿಲ್ಯಾಂಡ್
14 ಅಕ್ಟೋಬರ್ 1996

ಪ್ರೀತಿಯ ಅಪ್ಪಾಜಿ,

ನಿಮ್ಮ ಮೊಣಕಾಲು ಹೇಗಿದೆ? ಧಾರವಾಡದಲ್ಲಿ ಚಳಿ ಬಿದ್ದಿದ್ದರೆ ಬಿಸಿಲೇರಿದ ಮೇಲೆ ವಾಕಿಂಗ್‌ಗೆ ಹೋಗಿ. ನಾವಿಬ್ಬರೂ ಆರಾಮ.

ಫೋನಿನಲ್ಲಿ ಕೇಳುವ ಧೈರ್ಯವಾಗದೆ ಬರೆಯುತ್ತಿದ್ದೇನೆ. ನಿನ್ನೆ ಕೋರಾ ಎಂಬ ಎಂಬತ್ತಾರರ ಅಜ್ಜಿ ಬಂದಿದ್ದರು. ಹುಟ್ಟಿದ್ದು ನಮ್ಮ ಈ ಮನೆಯಲ್ಲೇ ಅಂತೆ. 1891ರಲ್ಲಿ ಇದನ್ನು ಕಟ್ಟಿದ್ದು ಅವರ ಅಜ್ಜ, ರೈಲ್ವೆಯ ಬಡಗಿ. ಕಡಿದಾದ ಮಾಡು, ಮೀನಿನ ಹುರುಪೆಯಂತೆ ಜೋಡಿಸಿದ ಮರದ ಬಿಲ್ಲೆಗಳು, ಜಗುಲಿಯ ಅಂಚಿನ ಕೆತ್ತನೆ, ಎಲ್ಲವೂ ಅವರ ಕೈಯದೇ. ಇಲ್ಲಿಗೆ ಬಂದಿದ್ದಾಗ ಆ ಕೆತ್ತನೆ ನೋಡಿ ನೀವು "ಏನವಾ ಗಂಗಾ, ಮನೀಗೂ ಲೇಸ್ ಹೊಲಿಸ್ಯಾರಲ್ಲ!" ಎಂದು ನಕ್ಕಿದ್ದನ್ನು ಹೇಳಿದೆ. ಅಜ್ಜಿಯೂ ನಕ್ಕರು. ಆಮೇಲೆ ನೇರವಾಗಿ ಅಡುಗೆಮನೆಗೆ ನಡೆದು, ಚಿಮಣಿಯ ಪಕ್ಕ ನಿಂತರು. ಜೂನ್‌ನಲ್ಲಿ ನೀವು ತಟ್ಟಿ, ಟೊಳ್ಳೆಂದು ಕಂಡು, ಒಡೆದು, ದೇವರ ಗೂಡು ಮಾಡಿಕೊಟ್ಟಿರಲ್ಲ, ಅಲ್ಲೇ.

"ನನ್ನ ಅಣ್ಣನ ಶೂ ಇನ್ನೂ ಒಳಗಿದೆಯಲ್ಲವೇ?" ಎಂದರು.

ಕತೆಯನ್ನು ಅವರೇ ಹೇಳಿದರು. 1913ರಲ್ಲಿ ಆ ಹುಡುಗ ಗಂಟಲಮಾರಿ ರೋಗದಿಂದ ತೀರಿಹೋದ. ಏಳು ವರ್ಷ. ಉಳಿದ ಮಗಳಿಗೆ ಕೇಡು ತಟ್ಟದಿರಲೆಂದು ಅವರಪ್ಪ ಅವನ ಶೂ ಒಂದನ್ನು ಗೋಡೆಯೊಳಗಿಟ್ಟು ಮುಚ್ಚಿದರು. ಆಗಿನವರ ನಂಬಿಕೆ. ಅವನ ಫೋಟೋ ಒಂದೂ ಇಲ್ಲ. ಇದ್ದದ್ದು ಅದೊಂದೇ.

ಅಪ್ಪಾಜಿ, ಗೋಡೆ ಒಡೆದಾಗ ಅದು ನಿಮ್ಮ ಕಾಲ ಮೇಲೇ ಬಿದ್ದಿತ್ತು. "ಶಿವಶಿವಾ, ದೇವರ ಜಾಗಾದಾಗ ಕೆರವು!" ಎಂದು ಪೇಪರಿನಲ್ಲಿ ಸುತ್ತಿ ಹೊರಗೆ ಒಯ್ದಿರಿ. ಕಸದ ಡಬ್ಬಿಗೇ ಹೋಯಿತೆಂದುಕೊಂಡು ನಾನು ಮರೆತೇಬಿಟ್ಟೆ. ಗೂಡಿಗೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಲಿಂಗವಿಟ್ಟು ಪೂಜಿಸಿದೆ.

ಅಜ್ಜಿ ಮುಂದಿನ ತಿಂಗಳು ದೂರದ ಫೋರ್ಟ್ ಮಿಲ್‌ಗೆ, ಮಗಳ ಮನೆಗೆ ಹೋಗಿಬಿಡುತ್ತಾರೆ. ಹೋಗುವ ಮುಂಚೆ ಒಮ್ಮೆ ಅದನ್ನು ಮುಟ್ಟಬೇಕಂತೆ. ನಾನು "ಇದೆ" ಎಂದುಬಿಟ್ಟೆ. ಯಾಕೆ ಹಾಗೆಂದೆನೋ ತಿಳಿಯದು. ಅದನ್ನು ಎಲ್ಲಿ ಹಾಕಿದಿರಿ, ಅಪ್ಪಾಜಿ?

ಅವ್ವನಿಗೆ ನನ್ನ ಶರಣು ತಿಳಿಸಿ. ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಮಗಳು,
ಗಂಗಾಂಬಿಕಾ

ತಾ.ಕ.: ಲಕೋಟೆ ಅಂಟಿಸುವಾಗ ನೆನಪಾಯಿತು. ಹಿತ್ತಲಿನ ಮರದ ಬುಡದಲ್ಲಿ ಕೊತ್ತಂಬರಿ ಹಾಕಲು ಹೋದಾಗ "ಅಲ್ಲಿ ಅಗೀಬ್ಯಾಡವಾ, ಬ್ಯಾರೆ ಕಡೆ ಹಾಕು" ಎಂದಿದ್ದಿರಿ. ಬೇರು ಕೆಟ್ಟೀತೆಂಬ ನಿಮ್ಮ ಕಾಳಜಿ ಎಂದುಕೊಂಡಿದ್ದೆ. ಆ ಶೂ ಕೂಸಿನದೆಂದು ಗೊತ್ತಾಗಿ, ನಮ್ಮವರು ಮಾಡುವ ಹಾಗೆ ಅದನ್ನು ಅಲ್ಲೇ ಮಣ್ಣು ಮಾಡಿದಿರಾ? ಪತ್ರ ಸಿಕ್ಕ ಕೂಡಲೇ ಫೋನ್ ಮಾಡಿ. ಹೌದು ಎಂದರೆ ಸಾಕು. ಸನಿಕೆ ಬಾಗಿಲ ಬಳಿಯೇ ಇಟ್ಟಿದ್ದೇನೆ.