ಮಂಜಿನಲ್ಲಿ ಅಕ್ಕನ ಕೂಗು

ಮಾರ್ಚ್ ಹನ್ನೆರಡು, ಗುರುವಾರ

ತಮ್ಮಾ,

ಮೊದಲು ಚಿರಂಜೀವಿ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಗುರುತು ಕಾಣುತ್ತದೆ, ಕಾಣಲಿ.

ಹೇಗಿದ್ದೀಯ ಎಂದು ಕೇಳುವುದಿಲ್ಲ. ನಾಲ್ಕು ದಿನದಿಂದ ನಿನ್ನ ಹರಾಜು ಮನೆಗೆ ಒಂದು ಮೀನೂ ಬಂದಿಲ್ಲ, ಐಸು ಕರಗಿ ನೀರು ಬಾಗಿಲ ತನಕ ಹರಿಯುತ್ತಿದೆಯಂತೆ. ಕೇಳಿ ಹೊಟ್ಟೆ ತಣ್ಣಗಾಯಿತು.

ಆ ವಿದೇಶಿ ಕಂಪನಿಯವರು ಬಂದವರೇ ಶಾಲೆಗೆ ಬಣ್ಣ ಹೊಡೆಸಿದರು. ಆಮೇಲೆ ದೋಣಿಗಳಿಗೆ ಹೊಸ ಇಂಜಿನ್ನು, ಬೀದಿಗೆ ದೀಪ. ಊರೆಲ್ಲ ಹಲ್ಲು ಕಿರಿಯಿತು. ಸುಳ್ಳೇಕೆ, ನಾನೂ ಕಿರಿದೆ. ಅವರು ಹರಾಜು ಮನೆ ಕೊಂಡ ಮೇಲೆ ಗೊತ್ತಾಯಿತು, ಮೀನಿಗೆ ಬೆಲೆ ಕಟ್ಟುವವರೂ ಅವರೇ, ಕೊಳ್ಳುವವರೂ ಅವರೇ ಎಂದು. ಗೋಡೆಯ ಪರದೆಯಲ್ಲಿ ಬೆಲೆ ಇಳಿಯುತ್ತಲೇ ಹೋಯಿತು. ಅದನ್ನು ಇಳಿಸುವ ಬೆರಳು ಮಾತ್ರ ಮ್ಯಾನೇಜರ್ ಸಾಹೇಬರದು, ಅಂದರೆ ನಿನ್ನದು.

ಇಪ್ಪತ್ತಾರು ವರ್ಷ ನಾನು ಅಲ್ಲಿ ಹರಾಜು ಕೂಗಿದೆ. ಅಮ್ಮ ಹೋದ ಮೇಲೆ ನಿನ್ನನ್ನು ಓದಿಸಿದ್ದು ಆ ಕೂಗೇ. ನನ್ನನ್ನು ಮನೆಗೆ ಕಳಿಸಿದ ದಿನ ಎಲ್ಲರೆದುರು ನೀನು ಕಂಪನಿಯ ನಿನ್ನ ಮೇಲಿನ ಸಾಹೇಬರಿಗೆ ಹೇಳಿದೆ: "ನಮ್ಮಕ್ಕಂದು ಗಂಟಲು ಹೋಗಿದೆ ಸಾರ್, ಈಗ ಬರೀ ಗಲಾಟೆ." ಎಲ್ಲರೂ ನಕ್ಕರು. ಒಂದು ಗೋಡೆ ಗಡಿಯಾರ, ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಸಾಗಹಾಕಿದಿರಿ.

ಒಂದು ವಿಷಯ ನೀನು ಮರೆತೆ. ಬೆಳಗಿನ ಮಂಜಿನಲ್ಲಿ ದೋಣಿಯವರಿಗೆ ದಡ ಕಾಣುವುದಿಲ್ಲ. ನನ್ನ ಕೂಗು ಕೇಳಿದ ಕಡೆಗೆ ದೋಣಿಯ ಮೂತಿ ತಿರುಗಿಸುತ್ತಿದ್ದರು. ಮೊದಲ ದೋಣಿ ಎಲ್ಲಿ ಬುಟ್ಟಿ ಇಳಿಸುತ್ತದೋ ಉಳಿದವೂ ಅಲ್ಲೇ. ನನ್ನ ಬದಲಿಗೆ ನೀವು ಸೈರನ್ ಇಟ್ಟಿರಿ. ಈ ಸೋಮವಾರ ಅದೇ ಕುರ್ಚಿಯನ್ನು ದಡದ ಹಳೇ ಮೆಟ್ಟಿಲ ಮೇಲೆ ಹಾಕಿಕೊಂಡು, ನಿಮ್ಮ ಸೈರನ್‌ಗಿಂತ ಮೊದಲೇ ಕೂಗಿದೆ. ಎಲ್ಲಕ್ಕಿಂತ ಮುಂದಿದ್ದ ದೋಣಿಯ ಮುದುಕ ಸೀದಾ ನನ್ನ ಕಡೆ ಬಂದ, ಅವನ ಹಿಂದೆ ಮೂವತ್ತೊಂದು ದೋಣಿ. ಸೈಕಲ್ಲಿನ ವ್ಯಾಪಾರಿಗಳಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆ. ನಿನ್ನ ಪರದೆಗಿಂತ ಒಂದೂವರೆ ಪಟ್ಟು ಬೆಲೆಗೆ ಮುಗಿಬಿದ್ದು ಕೊಂಡರು. ಮುದುಕ ಬುಟ್ಟಿ ತೊಳೆಯುತ್ತ ಅಂದ: "ಇನ್ಮೇಲೆ ನೀನು ಎಲ್ಲಿ ಕೂಗ್ತೀಯೋ ಅಲ್ಲಿಗೇ ಬರ್ತೀವಿ ಕಣಮ್ಮ." ನನಗೆ ಅಳು ಬಂತು.

ನಿನ್ನೆ ನಿನ್ನ ಹೆಂಡತಿ ಬಂದಿದ್ದಳು. ನಿನ್ನ ಕೆಲಸ ಹೋಗುವ ಹಾಗಿದೆಯಂತೆ, ನಾನು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತದಂತೆ. ಟೀ ಕೊಟ್ಟು ಕಳಿಸಿದೆ. ಒಡಹುಟ್ಟಿದವನ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆ ಎಂಬುದು ಗೊತ್ತಿಲ್ಲವೆಂದಲ್ಲ. ಆದರೆ ಅವತ್ತಿನ ನಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಇಂತಿ,
ಗಂಟಲು ಹೋದ ನಿನ್ನ ಅಕ್ಕ

ಮೇಲೆ ಬರೆಯದೆ ಬಿಟ್ಟದ್ದು: ಇವತ್ತು ಮಧ್ಯಾಹ್ನ ನಿನ್ನ ಸಾಹೇಬರೇ ಮನೆಗೆ ಬಂದಿದ್ದರು. ನಿನ್ನ ಕೆಲಸ ನನಗೆ ಕೊಡುತ್ತಾರಂತೆ, ಬರುವ ಸೋಮವಾರದಿಂದ ನಾನು ಹರಾಜು ಮನೆಯ ಬಾಗಿಲಲ್ಲಿ ನಿಂತು ಕೂಗಬೇಕಂತೆ. ಬೆಲೆ ಮಾತ್ರ ಪರದೆಯದೇ. ನಿನ್ನನ್ನು ಎಲ್ಲರೆದುರು ಕಳಿಸಬೇಕು ಎಂದು ಒಂದೇ ಷರತ್ತು ಹಾಕಿದೆ. ಅವರು ಒಪ್ಪಿದರು, ನಾನೂ ಒಪ್ಪಿದೆ. ಅವನಿಗೆ ಕೊಡೋಕೆ ಹೊಸ ಗಡಿಯಾರ ತರಿಸಬೇಡಿ, ನನ್ನದೇ ಇದೆ ಅಂದೆ. ದೋಣಿಯವರಿಗೆ ಇನ್ನೂ ಹೇಳಿಲ್ಲ.