ತಮಟೆ ಆರಲಿ ಬಿಡಿ

ಎರಡು ಸಾವಿರದ ಇನ್ನೂರ ಹದಿನೇಳನೇ ಇಸವಿ, ಹದಿಮೂರನೇ ತಿಂಗಳು, ಮೂರನೇ ದಿನ
ಪಾಲಾರ್ ದಂಡೆ, ಬೇತಮಂಗಲ

ನಮ್ಮ ಹಿಂದಿನವರೇ,

ಹದಿಮೂರನೇ ತಿಂಗಳು ಅಂದ ಕೂಡಲೇ ಕಾಗದ ಬರೆದವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಹನ್ನೆರಡು ತಿಂಗಳಿಗೂ ಸಮನಾಗಿ ದಿನ ಹಂಚಿ, ಮಿಕ್ಕವನ್ನು ವರ್ಷದ ಕೊನೆಗೆ ಗಂಟು ಕಟ್ಟಿ ಇಟ್ಟಿದ್ದೇವೆ. ಅದು ಉಳಿಕೆ ತಿಂಗಳು. ಆ ದಿನಗಳಲ್ಲಿ ಯಾರೂ ಯಾರಿಗೂ ದುಡಿಯುವ ಹಾಗಿಲ್ಲ. ಯಾರೋ ದಯೆ ತೋರಿ ಕೊಟ್ಟ ರಜೆಯಲ್ಲ, ಬೀದಿಗಿಳಿದು ಕಿತ್ತುಕೊಂಡದ್ದು. ಈ ತಿಂಗಳಲ್ಲಿ ಹಿಂದಿನ ಕಾಲದವರಿಗೆ ಒಂದು ಓಲೆ ಬರೆಯುವುದು ನಮ್ಮಲ್ಲಿ ವಾಡಿಕೆ. ಹಿಂದೋಲೆ ಅನ್ನುತ್ತೇವೆ. ತಲುಪುತ್ತದೋ ಇಲ್ಲವೋ, ಬರೆಯುತ್ತೇವೆ. ನನ್ನ ಪದಗಳು ನಿಮಗೆ ವಿಚಿತ್ರ ಅನಿಸಿದರೆ ಕ್ಷಮಿಸಿ, ಬಂದ ಕಡೆಯೇ ಅರ್ಥ ಹೇಳಿಕೊಂಡು ಹೋಗುತ್ತೇನೆ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವವಳಲ್ಲ.

ನನ್ನ ಹೆಸರು ಪಿಳ್ಳಮ್ಮ. ಕೆರೆ ಕೆಳಗಿನ ಕೇರಿಯ ತಮಟೆ ತಂಡದವಳು. ನಿಮ್ಮ ಕಾಲದಲ್ಲಿ ಈ ಹೆಸರು ಹೇಳಿಕೊಳ್ಳಲು ನಮ್ಮ ಮಕ್ಕಳು ಶಾಲೆಯಲ್ಲಿ ತಲೆ ತಗ್ಗಿಸುತ್ತಿದ್ದರಂತೆ. ಈಗ ಪಿಳ್ಳಮ್ಮ, ಕದಿರಪ್ಪ, ಯಂಗಟಮ್ಮ ಅಂತ ಎದೆ ಮುಂದೆ ಮಾಡಿಯೇ ಹೆಸರಿಡುತ್ತೇವೆ. ಒಟ್ಟಿನಲ್ಲಿ ಚೆನ್ನಾಗಿದ್ದೇವೆ ಅಂತಲೇ ಬರೆಯಬೇಕು. ನೀವು ಮರಳು ಬಗೆದು ಬರಿದು ಮಾಡಿದ್ದ ಪಾಲಾರ್ ವರ್ಷದ ಅರ್ಧ ಕಾಲ ಹರಿಯುತ್ತಿದೆ. ಸತ್ತ ದನ ಹೊರುವ ಕೆಲಸ ಯಾರ ಹೆಗಲ ಮೇಲೂ ಇಲ್ಲ. ತಮಟೆಗೆ ಬೇಕಾದ ಚರ್ಮ ತೊಟ್ಟಿಯಲ್ಲಿ ಬೆಳೆಯುತ್ತದೆ, ತೊಟ್ಟಿಚರ್ಮ ಅನ್ನುತ್ತೇವೆ. ಅದೂ ನಿಮ್ಮ ಕಾಲದ ತಮಟೆ ಚರ್ಮದ ಹಾಗೆಯೇ: ಬೆಂಕಿಗೆ ಹಿಡಿದರೆ ಬಿಗಿಯುತ್ತದೆ, ಟಣ್ ಅನ್ನುತ್ತದೆ, ಆರಿದರೆ ಸಡಿಲವಾಗಿ ದಬ್ ಅನ್ನುತ್ತದೆ. ನಮ್ಮ ಹಿರೀಕರು ಗೌಡರ ಬಾಗಿಲಲ್ಲಿ ಬಡಿಯಲೇಬೇಕಾಗಿದ್ದ ತಮಟೆಯನ್ನು ಈಗ ಎಲ್ಲರ ಮಕ್ಕಳೂ ಶಾಲೆಯಲ್ಲಿ ಕಲಿಯುತ್ತಾರೆ. ಜಾತಿ ಸತ್ತಿದೆ ಅಂತ ಸುಳ್ಳು ಹೇಳಲಾರೆ. ಮುದಿಯಾಗಿದೆ, ಹಲ್ಲುದುರಿದೆ, ಆದರೂ ಎಲ್ಲಾದರೂ ಒಂದು ಮೂಲೆಯಲ್ಲಿ ಕೂತು ಕೆಮ್ಮುತ್ತಿರುತ್ತದೆ.

ಈ ವರ್ಷ ಆ ಕೆಮ್ಮು ನಮಗೆ ಕೇಳಿಸಿದ್ದು ನಾದಗಿರಣಿಯಲ್ಲಿ. ನೀವು ಕಂಪ್ಯೂಟರಿನಲ್ಲಿ ಹಾಡು ಕಟ್ಟುವ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಿರಲ್ಲ, ಅದರ ಮರಿಮೊಮ್ಮಗಳು ಇದು. ಕೇರಿಗೊಂದು ಗಿರಣಿಮನೆ ಇದೆ. ರಾಗಿ ಒಯ್ದು ಹಿಟ್ಟು ತರುವ ಹಾಗೆ ದನಿ ಒಯ್ದು ಹಾಡು ತರುತ್ತೇವೆ. ನಾವು ಕೊಡುವ ದನಿಗೆ ಕಾಳು ಅಂತಲೂ, ಗಿರಣಿ ಕೊಡುವುದಕ್ಕೆ ಹಿಟ್ಟು ಅಂತಲೂ ಹೆಸರು. ನೀವು ಅಪ್‌ಡೇಟ್ ಅನ್ನುತ್ತಿದ್ದದ್ದಕ್ಕೆ ನಾವು ಕಲ್ಲು ಬದಲಿಸುವುದು ಅನ್ನುತ್ತೇವೆ. ಈ ವರ್ಷ ಕೋಲಾರದ ಗಿರಣಿ ಮಂಡಳಿ ನಾಡಿನ ಗಿರಣಿಗಳಿಗೆಲ್ಲ ಹೊಸ ಕಲ್ಲು ಹಾಕಿತು. ಅದರ ದೊಡ್ಡ ಹೆಗ್ಗಳಿಕೆಗೆ ಅವರಿಟ್ಟ ಹೆಸರು ಶುದ್ಧಿ. ಸಡಿಲವಾದದ್ದನ್ನು ಬಿಗಿಮಾಡುತ್ತದೆ, ಒಡೆದ ದನಿಯನ್ನು ಬೆಸೆಯುತ್ತದೆ, ಗದ್ದಲವನ್ನು ಸೋಸುತ್ತದೆ. ಬೇಡ ಅನ್ನಲು ಗುಂಡಿಯೇ ಇಲ್ಲ. ಶುದ್ಧಿ ಅನ್ನುವ ಮಾತು ಕೇಳಿದರೆ ನಮ್ಮ ಮೈ ಯಾಕೆ ಉರಿಯುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕೆ? ನಾವು ಮುಟ್ಟಿದ ಬಾವಿಗೆ ಶುದ್ಧಿ ಮಾಡಿಸಿದವರ ಕಾಲದಲ್ಲಿ ಬದುಕಿದವರು ನೀವು.

ಹೊಸ ಕಲ್ಲು ಬಿದ್ದ ದಿನವೇ ದೂರುಕಟ್ಟೆ ತುಂಬಿಹೋಯಿತು. ನಾಡಿನ ಯಾವ ಮೂಲೆಯಿಂದಲಾದರೂ ಗಿರಣಿ ಬಳಸುವವರು ಬಾಯಲ್ಲೇ ಹೇಳಿ ಬಿಟ್ಟುಹೋಗುವ, ಹೇಳಿದ್ದು ಎಲ್ಲರಿಗೂ ಕೇಳಿಸುವ ಜಾಗ ಅದು. ಮಂಗಳೂರಿನ ಒಬ್ಬ, ಮಾರಾಯ್ರೆ, ನಿನ್ನೆವರೆಗೆ ಇಲ್ಲೇ ಇದ್ದ ಗುಂಡಿಯನ್ನು ಯಾವ ಸಮುದ್ರಕ್ಕೆ ಬಿಸಾಡಿದಿರಿ ಅಂದ. ಧಾರವಾಡದ ಅಜ್ಜನೊಬ್ಬ, ನನ್ನ ಹಾರ್ಮೋನಿಯಂ ಕೆಮ್ಮತಿತ್ರೀಪಾ, ಈಗ ಕೆಮ್ಮವಲ್ದು, ಸತ್ತೈತೋ ಏನೋ ಅಂತ ಕೈಯಾಡಿಸಿ ನೋಡಾಕತ್ತೇನಿ ಅಂದ. ನಮ್ಮ ಕಡೆಯವಳೊಬ್ಬಳು, ಹಿಟ್ಟು ಅತೀ ನುಣ್ಣಗಾಯ್ತು ಕಣ್ರಪ್ಪ, ಮುದ್ದೆ ಕೂರ್ತಿಲ್ಲ ಅಂದಳು. ಮೆಚ್ಚಿದವರೂ ಇದ್ದರು, ಮುಚ್ಚಿಡುವುದಿಲ್ಲ. ನನ್ನ ನಾದಿನಿ ರೋಜಮ್ಮ ಮದುವೆ ಮನೆಗಳಲ್ಲಿ ಹಾಡುವವಳು. ನಂಗೆ ಗಂಟ್ಲು ಕಟ್ಟಿದ್ರೂ ಕೋಗಿಲೆ ಥರ ಬರ್ತೈತೆ, ನಿಂಗ್ಯಾಕೆ ಹೊಟ್ಟೆ ಉರಿ ಅತ್ತಿಗೆ ಅಂತ ನನಗೇ ಜಬರಿಸಿದಳು.

ನನಗೆ ಹೊಟ್ಟೆ ಉರಿದದ್ದು ಕದಿರಪ್ಪ ತಾತನಿಗಾಗಿ. ನಮ್ಮ ತಂಡದ ಹಿರಿಯ. ನಮ್ಮ ಕೇರಿಯಲ್ಲಿ ಸಾವಿನ ಮೆರವಣಿಗೆ ನಿಂತಲ್ಲೆಲ್ಲ ಬೆಂಕಿ ಹಾಕಿ ತಮಟೆ ಕಾಯಿಸುತ್ತೇವೆ. ಆದರೆ ಮಸಣದ ಎಲ್ಲೆಗಲ್ಲು ದಾಟಿದ ಮೇಲೆ ಬೆಂಕಿ ಹಾಕುವುದಿಲ್ಲ. ತಮಟೆ ತಾನಾಗಿ ಆರುತ್ತ, ಸಡಿಲಾಗುತ್ತ, ದನಿ ಪೂರಾ ಕುಗ್ಗುವವರೆಗೆ ಬಡಿಯುತ್ತೇವೆ. ಅದು ನಿಂತ ಮೇಲೆಯೇ ಮಣ್ಣು. ತಾತ ತನ್ನ ಹೆಂಡತಿ ಯಂಗಟಮ್ಮಜ್ಜಿಗೆ ಹಾಗೆ ಬಡಿದದ್ದನ್ನು ನಾನೇ ಗಿರಣಿಗೆ ಹಾಕಿಟ್ಟಿದ್ದೆ. ದಿನಾ ಸಂಜೆ ಗಿರಣಿಮನೆ ಜಗಲಿಯಲ್ಲಿ ಕೂತು ಅದನ್ನು ಕೊನೆಯವರೆಗೂ ಕೇಳಿ ಎದ್ದು ಹೋಗುವುದು ಅವನ ರೂಢಿ. ಹೊಸ ಕಲ್ಲು ಹಳೆಯ ಹಿಟ್ಟನ್ನೂ ಬಿಡದೆ ಮತ್ತೆ ಬೀಸಿತ್ತು. ಅವತ್ತು ತಾತ ಕೇಳುತ್ತಾ ಹೋದ. ತಮಟೆ ಆರಲೇ ಇಲ್ಲ. ಮೊದಲಿಂದ ಕೊನೆಯವರೆಗೆ ಟಣ್ ಟಣ್ ಟಣ್. ಇದ್ಯಾರ ಮದ್ವೇದೇ ಪಿಳ್ಳೀ ಅಂತ ಕೇಳಿದ. ಯಾರದೆಂದು ಹೇಳಿದೆ. ಅವಳನ್ನ ಮಣ್ಣು ಮಾಡಕ್ಕೇ ಬಿಡ್ತಿಲ್ವಲ್ಲೇ ಇದು ಅಂದ.

ಬೀಸುವ ಮುಂಚಿನ ಕಾಳನ್ನು ಮಂಡಳಿ ಉಳಿಕೆ ತಿಂಗಳು ಹುಟ್ಟುವವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ, ಆಮೇಲೆ ಅಳಿಸಿಹಾಕುತ್ತದೆ. ಅಷ್ಟರೊಳಗೆ ವಾಪಸು ಬರದಿದ್ದರೆ ತಾತನ ಆ ತಮಟೆ ಲೋಕದಲ್ಲೇ ಇಲ್ಲ. ದೂರುಕಟ್ಟೆಗೆ ಹೋಗಿ ಗಂಟಲು ಹರಿಯುವ ಹಾಗೆ ಬೈದೆ. ನಿಮ್ಮ ಕಲ್ಲಿಗೆ ಬೆಂಕಿ ಹಾಕ, ತಾತ ಬಡಿದ ಸಾವಿನ ತಮಟೇನ ಮದುವೆ ತಮಟೆ ಮಾಡಿದ್ರಲ್ರೋ ಪಾಪಿಗಳಾ ಅಂದೆ. ಮಂಡಳಿಯಿಂದ ಉತ್ತರ ಬಂತು: ನಿಮ್ಮ ಮಧುರವಾದ ಮೆಚ್ಚುಗೆಗೆ ವಂದನೆಗಳು, ತಾತನವರ ಮದುವೆಗೆ ಶುಭಾಶಯಗಳು.

ಓದಿ ಮೊದಲು ರಕ್ತ ಕುದಿಯಿತು. ಆಮೇಲೆ ತಲೆಗೆ ಹೊಳೆಯಿತು. ದೂರುಕಟ್ಟೆಯ ದನಿಗಳೂ ಅದೇ ಗಿರಣಿಯಲ್ಲಿ ಬೀಸಿಯೇ ಮಂಡಳಿಗೆ ಹೋಗುತ್ತವೆ! ಬೈಗುಳ ಗದ್ದಲವೆಂದು ಸೋಸಿಹೋಗಿತ್ತು. ಸಾವು ಅಂದಾಗ ನನ್ನ ದನಿ ಒಡೆದಿತ್ತು, ಆ ಮಾತನ್ನೂ ಗದ್ದಲದ ಲೆಕ್ಕಕ್ಕೆ ಸೇರಿಸಿ ಎತ್ತಿಹಾಕಿತ್ತು. ಉಳಿದದ್ದು ಜೇನಿನಂಥ ದನಿಯಲ್ಲಿ ತಾತ, ತಮಟೆ, ಮದುವೆ. ನಾಡಿನ ಜನ ಕಟ್ಟೆ ಮೇಲೆ ಎದೆ ಬಡಿದುಕೊಳ್ಳುತ್ತಿದ್ದರೆ, ಒಳಗೆ ಕೂತವರ ಕಿವಿಗೆ ಸೋಬಾನೆ ಕೇಳುತ್ತಿತ್ತು. ಬಳಕೆದಾರರು ಸಂತೃಪ್ತರು ಅಂತ ಮಂಡಳಿ ವರದಿಯನ್ನೂ ಹೊರಡಿಸಿತ್ತು. ಇದು ಯಾರೋ ಹೂಡಿದ ಸಂಚಲ್ಲ. ಸಂಚಾಗಿದ್ದರೆ ಹಿಡಿದು ಬಡಿಯಬಹುದಿತ್ತು. ನಮ್ಮ ಸಿಟ್ಟನ್ನು ಕೊಳೆ ಅಂದುಕೊಂಡ ಒಳ್ಳೆಯ ಮನಸ್ಸಿನವರ ಕೆಲಸ ಇದು, ಅದಕ್ಕೇ ಹೆಚ್ಚು ಅಪಾಯ.

ದನಿ ಕಳಿಸಿದರೆ ಆಗುವುದಿಲ್ಲ, ಮೈ ಒಯ್ಯಬೇಕು ಅಂತ ತೀರ್ಮಾನಿಸಿದೆವು. ಬಿಸಿಲುಬಂಡಿ ಹತ್ತಿ, ಅಂದರೆ ಬಿಸಿಲಿನಿಂದಲೇ ಓಡುವ ಸಾಲು ಬಂಡಿ, ಇಡೀ ತಂಡ ಕೋಲಾರಕ್ಕೆ ಹೋದೆವು. ಮಂಡಳಿಯ ಅಂಗಳದಲ್ಲಿ ಹುಲ್ಲು ಒಟ್ಟಿ ಬೆಂಕಿ ಹಾಕಿ ತಮಟೆ ಕಾಯಿಸಿದೆವು. ಕಾವಲಿನವನು ಓಡಿಬಂದು, ಅಕ್ಕಾ, ಇಲ್ಲಿ ಒಲೆ ಹಚ್ಚಂಗಿಲ್ಲ ಅಂದ. ಊಟಕ್ಕಲ್ಲ ಕಣಪ್ಪ, ನಿಮ್ಮೋರ ಕಿವಿ ಕಾಯ್ಸಕ್ಕೆ ಅಂದೆ. ಮಂಡಳಿಯ ಮುಖ್ಯಸ್ಥೆ ಸುಮೇಧಾ ಇಳಿದು ಬಂದರು. ನಿಮ್ಮ ಸಂದೇಶಗಳೆಲ್ಲ ಅಷ್ಟು ಸಂತೋಷವಾಗಿದ್ದವಲ್ಲಾ ಅಂತ ನಿಜಕ್ಕೂ ಗಾಬರಿಯಾದರು. ನಾನು ಅದೇ ಬೈಗುಳವನ್ನು ಎದುರಲ್ಲಿ ನಿಂತು, ಒಂದಕ್ಷರ ಬಿಡದೆ ಮತ್ತೆ ಬೈದೆ. ಅವರ ಮುಖ ಬಿಳುಚಿತು. ಆದರೂ, ಶುದ್ಧಿ ಬೇಕೆನ್ನುವವರೂ ಇದ್ದಾರಲ್ಲ ಅಂದರು. ಆಗ ನಮ್ಮ ಜೊತೆ ಬಂಡಿ ಹತ್ತಿದ್ದ ರೋಜಮ್ಮ ಹಿಂದಿನಿಂದ ನುಗ್ಗಿ ಬಂದಳು. ನಂಗೆ ಬೇಕು, ತಾತಂಗೆ ಬೇಡ, ಒಂದು ಗುಂಡಿ ಇಟ್ರೆ ನಿಮ್ಮಪ್ಪನ ಗಂಟೇನು ಹೋಗ್ತೈತೆ ಅಂದಳು. ಅಂಗಳವೆಲ್ಲ ಗೊಳ್ಳೆಂದಿತು. ಸುಮೇಧಾ ಕೂಡ ನಕ್ಕರು. ಕದಿರಪ್ಪ ತಾತ ಮಾತ್ರ ನಗದೆ, ನನ್ನವಳ ತಮಟೆ ಆರ್ಲಿ ಬಿಡಮ್ಮಾ ಅಂದ, ಅಷ್ಟೇ.

ಉಳಿಕೆ ತಿಂಗಳು ಹುಟ್ಟುವ ಮುಂಚೆಯೇ ಕಾಳು ವಾಪಸು ಬಂತು. ದೂರುಕಟ್ಟೆಯನ್ನು ಗಿರಣಿಯಿಂದ ಬಿಡಿಸಿದರು. ಈಗ ಪ್ರತಿ ಗಿರಣಿಯಲ್ಲೂ ಹೊಸ ಗುಂಡಿಯಿದೆ, ಅದರ ಮೇಲೆ ಆರಲಿ ಬಿಡು ಅಂತ ಬರೆದಿದೆ. ರೋಜಮ್ಮ ಅದನ್ನು ಮುಟ್ಟುವುದಿಲ್ಲ. ಕೋಗಿಲೆಯಾಗಿಯೇ ಇದ್ದಾಳೆ, ಇರಲಿ. ನಿನ್ನೆ ಸಂಜೆ ತಾತ ಜಗಲಿಯಲ್ಲಿ ಕೂತ. ನಾವೂ ಕೂತೆವು. ಟಣ್ ಅನ್ನುತ್ತಿದ್ದದ್ದು ದಬ್ ಆಯಿತು, ದಬ್ ಅನ್ನುವುದೂ ಕುಗ್ಗಿತು, ಬರೀ ಕೋಲು ಚರ್ಮ ಸವರುವ ಸದ್ದು ಉಳಿಯಿತು, ಅದೂ ನಿಂತಿತು. ಹ್ಞಾ, ಈಗ ಮಲಗಿದ್ಲು ಅಂದು ತಾತ ಟವೆಲ್ ಕೊಡವಿ ಎದ್ದ.

ಹಿಂದಿನವರೇ, ಒಂದು ಮಾತು ನಡೆಸಿಕೊಡಿ. ಆ ಕಲ್ಲು ಶುದ್ಧಿ ಕಲಿತದ್ದು ಎಲ್ಲಿಂದ ಗೊತ್ತೆ? ನೀವು ಉಜ್ಜಿ ತೊಳೆದು ಇಟ್ಟುಹೋದ ಹಾಡುಗಳಿಂದ. ಅದಕ್ಕೆ ಆರುವ ತಮಟೆ ಗೊತ್ತೇ ಇರಲಿಲ್ಲ, ಯಾಕೆಂದರೆ ನೀವು ಅದನ್ನು ಕತ್ತರಿಸಿ ಬಿಸಾಡಿದ್ದಿರಿ. ನಿಮ್ಮ ಮುದುಕಿಯರ ಹಾಡು ಹಿಡಿದಿಡುವಾಗ ಅವರ ಕೆಮ್ಮನ್ನೂ ಇಡಿ. ಉಸಿರು ಸಾಲದೆ ನಿಂತದ್ದನ್ನೂ, ನಡುವೆ ಬೈದದ್ದನ್ನೂ ಇಡಿ. ನಿಮ್ಮ ಸಿಟ್ಟನ್ನು ಯಾರಾದರೂ ತೊಳೆದು ಕೊಡುತ್ತೇವೆ ಅಂದರೆ ಕೊಡಬೇಡಿ, ನೀವೇ ಹೊತ್ತು ನಡೆಯಿರಿ.

ನಾವು ಇಲ್ಲಿ ಕ್ಷೇಮ. ಹೊರಗೆ ತಂಡದವರು ಹುಲ್ಲು ಒಟ್ಟಿ ಕೂಗುತ್ತಿದ್ದಾರೆ. ತಮಟೆ ಕಾಯಿಸಬೇಕು, ಹೊರಟೆ.

ನಿಮ್ಮ ಮುಂದಿನವಳು,
ಪಿಳ್ಳಮ್ಮ