ಅತ್ತೆಯವರು ಅಡುಗೆಮನೆ ನೋಡಲು ಬಂದರು

೯ ನವೆಂಬರ್ ೧೯೮೭, ಸೋಮವಾರ. ಜೇವರ್ಗಿ.

ಇಂದೂ ರೊಟ್ಟಿ ಹರಿಯಿತು. ಶೇಂಗಾ ಚಟ್ನಿ ಹಚ್ಚಿಕೊಂಡು ತುಂಡುಗಳನ್ನೇ ತಿಂದೆ. ಸುಭದ್ರಾ ಹೆರಿಗೆಗೆಂದು ತವರಿಗೆ, ಅತನೂರಿಗೆ, ಹೋದ ಮೇಲೆ ಖಾನಾವಳಿ ಊಟ ಹೊಟ್ಟೆಗೆ ಒಗ್ಗಲಿಲ್ಲ. ಅದಕ್ಕೇ ಈ ಸಾಹಸ.

ರೊಟ್ಟಿ ಹೊರಳಿಸಲು ಹೋಗಿ ಅಂಗೈಯನ್ನೇ ಹಂಚಿನ ಮೇಲೆ ಊರಿದೆ. ಡ್ಯೂಟಿಗೆ ತಡ ಬೇರೆ. ಬಸ್ ಸ್ಟ್ಯಾಂಡಿಗೆ ಓಡಿ, ನನ್ನ ಕಂಟ್ರೋಲರ್ ಖೋಲಿಯ ಶಾಯಿ ಬಾಟಲಿಯನ್ನು ಕೈ ಮೇಲೆ ಸುರಿದುಕೊಂಡೆ. ಸುಟ್ಟಿದ್ದಕ್ಕೆ ಶಾಯಿ ತಂಪು ಅನ್ನುತ್ತಾರಲ್ಲ... ಅಫಜಲಪುರ ಗಾಡಿಯ ಡ್ರೈವರ್ ಹುಲೆಪ್ಪ ನೋಡಿ, "ಏನ್ರಿ ಅಣ್ಣಾರಾಯ್ರ, ಪೆನ್ನು ಬಿಟ್ಟು ಕೈಲೇ ಬರಿಯಾಕತ್ತೀರೇನು?" ಅಂದ. ಸ್ಟ್ಯಾಂಡೆಲ್ಲ ನಗು.

೧೦ ನವೆಂಬರ್

ಉರಿ ನಿಲ್ಲಲಿಲ್ಲ. ದವಾಖಾನೆಗೆ ಹೋದೆ. ಸಿಸ್ಟರ್ ಮುಮತಾಜ ಕೈ ನೋಡಿ ಹಣೆ ಚಚ್ಚಿಕೊಂಡರು.

"ಶಾಯಿ ಹಚ್ಚಿದ್ರ ಗಾಯ ನಾ ಹ್ಯಾಂಗ ನೋಡ್ಲಿ? ಇದು ಚರ್ಮನೋ, ಕಾಗದನೋ?"

"ಮತ್ತ ಬೆಣ್ಣಿ ಹಚ್ಚಬೇಕಿತ್ತೇನ್ರಿ?"

"ಏನೂ ಹಚ್ಚಬ್ಯಾಡ್ರಿ! ಬೆಣ್ಣಿ, ಅರಿಶಿಣ, ಪೇಸ್ಟು — ಏನೂ! ಸುಟ್ಟ ಕೂಡ್ಲೆ ಕೈ ತಣ್ಣೀರಾಗ ಹಿಡೀರಿ. ನಿಮಗ ಬ್ಯಾಸರ ಬರೋತನ ಹಿಡೀರಿ. ಆಮ್ಯಾಲ ಸ್ವಚ್ಛ ಅರಿವಿ ಮುಚ್ರಿ. ಬೊಬ್ಬಿ ಎದ್ರ ಒಡೀಬ್ಯಾಡ್ರಿ."

ಬಾಗಿಲ ತನಕ ಬಂದವನನ್ನು ಮತ್ತೆ ಕರೆದರು. "ಕೇಳ್ರಿಲ್ಲೆ. ಕಡಾಯಿ ಎಣ್ಣಿಗಿ ಬೆಂಕಿ ಹತ್ತಿದ್ರ ನೀರ್ ಹಾಕಬ್ಯಾಡ್ರಿ, ಮುಚ್ಚಿಬಿಡ್ರಿ. ನಿಮ್ಮನ್ನ ನೋಡಿದ್ರ ಅದೂ ಆಗೋಹಂಗ ಕಾಣ್ತದ."

೧೫ ನವೆಂಬರ್, ಬೆಳಿಗ್ಗೆ

ಹೆಣ್ಣು ಮಗು! ಅತನೂರಿನ ಮೇಲಿಂದ ಬಂದ ಹುಲೆಪ್ಪ ಗಾಡಿ ನಿಲ್ಲಿಸುವ ಮೊದಲೇ ಕಿಟಕಿಯಿಂದ ಕೂಗಿದ. ಮೈಕಿನಲ್ಲೇ ಹೇಳಿಬಿಟ್ಟೆ. ಸಿಂದಗಿ ಬಸ್ಸಿನವರಿಗೂ ಸಕ್ಕರೆ ಹಂಚಿದೆ.

೨೮ ನವೆಂಬರ್

ತೊಟ್ಟಿಲು ಮುಗಿಸಿ ಅತನೂರಿನಿಂದ ಬಂದೆ. ಗಂಗಾಂಬಿಕಾ ಅಂತ ಹೆಸರು. ನನ್ನ ಬೆರಳು ಹಿಡಿದವಳು ಬಿಡಲೊಲ್ಲಳು.

ಆದರೆ ಹೊರಡುವಾಗ ಅತ್ತೆ ಹೀರಾಬಾಯಿ ಅಂಗಳದಲ್ಲಿ ತಡೆದರು. ಮಳೆಗಾಲದಲ್ಲಿ ನಮ್ಮ ಸೀಮೆಎಣ್ಣೆ ಪಂಪ್ ಸ್ಟೋ ಭಗ್ಗನೆ ಹತ್ತಿ ಸುಭದ್ರಾಳ ಸೆರಗು ಸುಟ್ಟಿತ್ತು. ಬಿಂದಿಗೆ ನೀರು ಸುರಿದು ಆರಿಸಿದ್ದೆವು. ಅಂದಿನಿಂದ ಅವಳಿಗೆ ಕಡ್ಡಿ ಗೀರಲೂ ಭಯ.

"ಅಳಿಯಂದ್ರ, ಆ ಸ್ಟೋ ನೆಲದ ಮ್ಯಾಲ ಇರೋತನಕ ಮಗಳನ್ನ ಕಳಸಂಗಿಲ್ಲ. ನಾಳೆ ಕೂಸು ಅಂಬೆಗಾಲಿಡ್ತದ. ನಾನ ಬಂದು ನೋಡ್ತೇನಿ, ಆಮ್ಯಾಲ ಮಾತು."

ಸುಭದ್ರಾ ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ಇಡೀ ದಾರಿ ಕಣ್ಣ ಮುಂದೆ ಅವಳದೇ ಮುಖ.

೧೩ ಡಿಸೆಂಬರ್

ಅಡುಗೆಮನೆಯಲ್ಲಿ ಕಟ್ಟೆ ಆಯಿತು. ಶಹಾಬಾದ್ ಫರಸಿ ಹಾಸಿದ್ದು, ಸೊಂಟದೆತ್ತರ. ಪಂಪ್ ಸ್ಟೋ ಹೋಯಿತು, ಬತ್ತಿ ಸ್ಟೋ ಬಂತು. ಸೀಮೆಎಣ್ಣೆ ಡಬ್ಬಿ ಹಿತ್ತಲ ಗೋಡೆಯ ಮಾಡಕ್ಕೆ. ಈಳಿಗೆ ಎತ್ತರದ ಮೊಳೆಗೆ.

ಇಷ್ಟೆಲ್ಲ ಮಾಡಿ, ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣೊರೆಸಿಕೊಂಡೆ! ಎಷ್ಟು ನೀರು ಹೊಡೆದರೂ ಕಣ್ಣು ಸುರಿಯುವುದು ನಿಲ್ಲಲಿಲ್ಲ. ಹಾಗೇ ಸ್ಟ್ಯಾಂಡಿಗೆ ಹೋಗಿ ಮೈಕ್ ಹಿಡಿದು ಕಲಬುರ್ಗಿ ಗಾಡಿ ಕೂಗಿದೆ. ಒಬ್ಬ ಮುದುಕಿ ಬಂದು ಬೆನ್ನು ಸವರಿದಳು: "ಯಾರು ಹೋದ್ರಪಾ? ಸಮಾಧಾನ ಮಾಡ್ಕೊ."

೩ ಜನವರಿ ೧೯೮೮, ಭಾನುವಾರ

ಅತ್ತೆ ಬಂದರು. ನಡೆದದ್ದನ್ನೆಲ್ಲ ಬರೆದೇ ಬಿಡುತ್ತೇನೆ.

ಕಟ್ಟೆ ಬಡಿದು ನೋಡಿದರು, ಡಬ್ಬಿ ಮೂಸಿ ನೋಡಿದರು. "ಅಡ್ಡಿಯಿಲ್ಲ" ಅಂದರು. ನನ್ನ ರೊಟ್ಟಿ ನೋಡಿ ಮಾತ್ರ, "ಇದು ಯಾವ ಜಿಲ್ಲಾದ ನಕಾಶೆರಿ?" ಅಂತ ತಾವೇ ಭಜಿ ಕರಿಯಲು ನಿಂತರು. ಕಡಾಯಿ ಸ್ಟೋ ಮೇಲಿಟ್ಟು, ಮೊಮ್ಮಗಳು ಥೇಟ್ ತಮ್ಮ ಹಾಗೇ ಅಂತ ಶುರುಮಾಡಿದರು. ಇಲ್ಲ, ನಮ್ಮವ್ವನ ಹಾಗೆ ಅಂತ ನಾನು. ಇಬ್ಬರೂ ಎಣ್ಣೆ ಮರೆತೆವು. ಭಗ್! ಕಡಾಯಿ ತುಂಬ ಬೆಂಕಿ.

ಅತ್ತೆ ನೀರಿನ ಚರಿಗೆ ಎತ್ತಿದರು.

"ನೀರು ಬ್ಯಾಡ್ರಿ ಅತ್ತಿ!"

ಅವರ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಅಳಿಯನಾದವನು ಅತ್ತೆಯ ಮೈ ಮುಟ್ಟುವುದೇ! ಹಿಟ್ಟು ನಾದುವ ಅಗಲ ಪರಾತವನ್ನು ಕಡಾಯಿ ಮೇಲೆ ಜಾರಿಸಿದೆ, ಬತ್ತಿ ಇಳಿಸಿದೆ. ದೂರ ಸರಿದು ನಿಂತೆವು... ಆರಿತು.

ಆದರೆ ಎಣ್ಣೆ ಸಿಡಿದು ಅತ್ತೆಯ ಮುಂಗೈ ಕೆಂಪಗಾಗಿತ್ತು. ನಳದ ಕೆಳಗೆ ಹಿಡಿಸಿದೆ. ಬಳೆ ತೆಗೆಯಿರಿ, ಕೈ ಊದುತ್ತದೆ ಅಂದರೆ ಕಣ್ಣು ಕೆಂಪಗೆ ಮಾಡಿದರು.

"ಮುತ್ತೈದಿ ಬಳಿ ತಗೀತಾಳೇನ್ರಿ? ನಿಮ್ಮ ಮಾವ ಇನ್ನಾ ಗಟ್ಟಿ ಅದಾರ!"

"ತಗದು ಇಡಬ್ಯಾಡ್ರಿ. ಆ ಕೈಗಿ ಏರಿಸ್ರಿ."

ಅದಕ್ಕೆ ಒಪ್ಪಿ, ಸಾಬೂನು ಹಚ್ಚಿ ಒಂದೊಂದೇ ಜಾರಿಸಿ ಇನ್ನೊಂದು ಕೈಗೆ ಹಾಕಿಕೊಂಡರು. ಒಂದೂ ಒಡೆಯಲಿಲ್ಲ. ನೀರಿನಲ್ಲಿ ಕೈ ಹಿಡಿದೇ ನನಗೆ ರೊಟ್ಟಿ ಬಡಿಯುವುದು ಕಲಿಸಿದರು. ಬೇಸರ ಬರುವ ಮಾತೇ ಇಲ್ಲ, ಬೈಯುವುದು ಅಷ್ಟಿತ್ತು. ಆಮೇಲೆ ದವಾಖಾನೆಗೆ ಕರೆದೊಯ್ದೆ. ಸಿಸ್ಟರ್ ನೋಡಿ, "ಭೇಷ್" ಅಂದು ತೆಳ್ಳಗೆ ಪಟ್ಟಿ ಸುತ್ತಿದರು.

ಸಂಜೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅತ್ತೆ ತಿರುಗಿದರು. "ಮಗಳನ್ನ ಕಳಸ್ತೇನಿ. ಸ್ಟೋ ನೋಡಿ ಅಲ್ಲ, ನಿಮ್ಮನ್ನ ನೋಡಿ."

ಗಾಡಿಗೆ ಮೂರು ಸಲ ರೈಟ್ ಹೇಳಿದೆ.

೧೬ ಫೆಬ್ರವರಿ, ಸಂಜೆ

ಬಂದರು! ಮನೆ ತುಂಬ ಬಾಣಂತಿ ಸಾಂಬ್ರಾಣಿ ವಾಸನೆ. ಗಂಗಾ ನನ್ನ ತೊಡೆ ಮೇಲೆ, ಅದಕ್ಕೇ ಅಕ್ಷರ ಸೊಟ್ಟ.

ಸುಭದ್ರಾ ಅಡುಗೆಮನೆ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಸ್ಟೋ ನಾನು ಹಚ್ಚಲೇನು ಅಂದೆ. ಬೇಡ ಅಂದಳು. ಸೆರಗು ಸೊಂಟಕ್ಕೆ ಬಿಗಿದಳು. ಒಂದು ಕಡ್ಡಿ ಗೀರಿ, ಊದಿ ಆರಿಸಿದಳು. ಇನ್ನೊಂದು ಗೀರಿದಳು...

ಈಗ ಒಳಗಿನಿಂದ ಚಹಾ ಕುದಿಯುವ ಸಪ್ಪಳ. ಹಾಡು ಬೇರೆ ಗುನುಗುತ್ತಿದ್ದಾಳೆ.

"ಏನ್ರಿ, ಬರಕೋತ ಕುಂತೀರೇನು? ಕೂಸಿನ್ನ ಇಲ್ಲಿ ತರಬ್ಯಾಡ್ರಿ, ನೀವಷ್ಟ ಬಂದು ಕಪ್ಪು ಒಯ್ರಿ!"

ಹೇಗೆ ಬರಲಿ, ಇವಳು ಬೆರಳು ಹಿಡಿದು ಬಿಡಲೊಲ್ಲಳು.